ಬೆಂಗಳೂರಿಗೆ ಬಂದ್ಮೇಲೆ ಹೊಸ ಚರ್ಚಿನವರಾಗೋದು ಹೇಗೆ? ಊರಿಂದ ಬಂದ ಕಥೋಲಿಕ ಮನೆಗಳಿಗೊಂದು ಮಾರ್ಗದರ್ಶಿ

ಹಾಸನದ ಶೆಟ್ಟಿಹಳ್ಳಿ ಕಡೆಯಿಂದನೋ, ಕನಕಪುರದ ಹಾರೋಬೆಲೆಯಿಂದನೋ, ಡೋರ್ನಹಳ್ಳಿ ಸುತ್ತಮುತ್ತಲಿಂದನೋ ಕೆಲಸಕ್ಕೆ ಅಂತ ಬೆಂಗಳೂರಿಗೆ ಬಂದು ಮನೆ ಮಾಡಿರೋ ಕನ್ನಡದ ಕಥೋಲಿಕರಿಗೆ ಇದನ್ನ ಬರೀತಿದ್ದೀನಿ. ಊರಲ್ಲಿ ಚರ್ಚು ಅಂದ್ರೆ ಯೋಚ್ನೆನೇ ಮಾಡ್ಬೇಕಾಗಿರ್ಲಿಲ್ಲ, ಗಂಟೆ ಹೊಡೀತು ಎದ್ದು ಹೋದ್ರಿ, ಸ್ವಾಮ್ಯೋರಿಗೆ ನಿಮ್ಮ ತಾತನ ಹೆಸರೂ ಗೊತ್ತು ನಿಮ್ಮ ಹಸು ಕರು ಹಾಕಿದ್ದೂ ಗೊತ್ತು. ಇಲ್ಲಿ ಹಾಗಲ್ಲ. ವರ್ಷಗಟ್ಲೆ ಪ್ರತಿ ಭಾನುವಾರ ಪೂಜೆಗೆ ಹೋಗಿ ಬಂದಿರ್ತಾರೆ, ಆದ್ರೆ ಮಗು ದೀಕ್ಷಾಸ್ನಾನಕ್ಕೋ (ಬ್ಯಾಪ್ಟಿಸಂ) ತಂಗಿ ಮದ್ವೆ ಲೆಟರ್‌ಗೋ ಆಫೀಸಿಗೆ ಹೋದಾಗ 'ನೀವು ಯಾವ ವಾರ್ಡು?' (ಚರ್ಚಿನವ್ರು ಬೀದಿಗಳ ಮೇಲೆ ಮಾಡಿರೋ ಗುಂಪು) ಅಂತ ಕೇಳಿದ್ರೆ ಉತ್ತರ ಇರಲ್ಲ. ಫಾದರ್ ತಪ್ಪಲ್ಲ, ಒಂದೊಂದು ಪೂಜೆಗೆ ನೂರಾರು ಜನ ಬರ್ತಾರೆ, ಯಾರನ್ನ ಅಂತ ನೆನಪಿಟ್ಕೋತಾರೆ. ನಾನು ನೋಡಿದ ಹಾಗೆ ಭಾನುವಾರದ ಪೂಜೆಯಿಂದ ಯಾರೂ ಯಾರಿಗೂ ಪರಿಚಯ ಆಗಲ್ಲ, ಪರಿಚಯ ಆಗೋದೆಲ್ಲ ವಾರದ ಮಧ್ಯದಲ್ಲಿ. ಆದ್ರಿಂದ ವಾರ ಪೂರ್ತಿ ಚರ್ಚಲ್ಲಿ ಏನೇನು ನಡೆಯತ್ತೆ, ಅದ್ರಲ್ಲಿ ನೀವು ಎಲ್ಲಿ ಸೇರ್ಕೋಬೋದು ಅನ್ನೋದೇ ಇಲ್ಲಿರೋದು.

ನಿಮ್ಮ ಧರ್ಮಕೇಂದ್ರ ಯಾವ್ದು ಅಂತ ಮೊದ್ಲು ಪತ್ತೆ ಮಾಡಿ

ಪೂಜೆಗೆ ಯಾವ ಚರ್ಚಿಗೆ ಬೇಕಾದ್ರೂ ಹೋಗ್ಬೋದು, ಅದಕ್ಕೆ ಅಡ್ಡಿ ಇಲ್ಲ. ಆದ್ರೆ ಲೆಕ್ಕಕ್ಕೆ ನೀವು ಸೇರೋದು ನೀವಿರೋ ಬೀದಿ ಯಾವ ಧರ್ಮಕೇಂದ್ರದ (ಪ್ಯಾರಿಷ್, ಅಂದ್ರೆ ಒಂದು ಚರ್ಚಿಗೆ ಸೇರಿದ ಪ್ರದೇಶ) ಗಡಿಯೊಳಗೆ ಬರುತ್ತೋ ಅಲ್ಲಿಗೆ, ಧರ್ಮಕೇಂದ್ರ ಅನ್ನೋದು ಸಾಮಾನ್ಯವಾಗಿ ಜಾಗದ ಮೇಲೆ ನಿರ್ಧಾರ ಆಗೋದು, ನಿಮ್ಗಿಷ್ಟವಾದ ಫಾದರ್ ಮೇಲೆ ಅಲ್ಲ. ತುಂಬಾ ಜನ ಶಿವಾಜಿನಗರದ ಬೆಸಿಲಿಕಾಗೋ ವಿವೇಕನಗರದ ಬಾಲಯೇಸು ದೇವಾಲಯಕ್ಕೋ ಹೋಗ್ತಾ ಇರ್ತಾರೆ, ಅದೇ ನಮ್ಮ ಚರ್ಚು ಅನ್ಕೊಂಡಿರ್ತಾರೆ, ಆದ್ರೆ ಮನೆ ಇರೋದು ಕೆಂಗೇರಿ ಕಡೆ. ಭಕ್ತಿಗೆ ಅಲ್ಲಿಗೆ ಹೋಗಿ, ಕಾಗದ ಪತ್ರಕ್ಕೆ ಮಾತ್ರ ಮನೆ ಹತ್ರದ ಚರ್ಚೇ ಬೇಕು. ಹತ್ರದ ಎರಡು ಚರ್ಚಲ್ಲಿ ಯಾವ್ದು ನಿಮ್ದು ಅಂತ ಗೊತ್ತಾಗ್ದಿದ್ರೆ ಒಂದಕ್ಕೆ ಹೋಗಿ ರಸ್ತೆ ಹೆಸರು ಹೇಳಿ ಕೇಳಿ, ಅವ್ರೇ ಹೇಳ್ತಾರೆ.

ಅಲ್ಲೇ ನೋಟೀಸ್ ಬೋರ್ಡಲ್ಲಿ ಪೂಜೆ ಟೈಮ್ ಫೋಟೋ ತಕ್ಕೊಂಡ್ಬಿಡಿ. ಇಂಟರ್ನೆಟ್ಟಲ್ಲಿ ಸಿಗೋ ಟೈಮಿಂಗ್ ಎಷ್ಟೋ ಸಲ ಹಳೇದಿರತ್ತೆ. ಬೆಂಗಳೂರಿನ ಚರ್ಚುಗಳಲ್ಲಿ ಕನ್ನಡ, ತಮಿಳು, ಇಂಗ್ಲಿಷ್, ಕೆಲವು ಕಡೆ ಕೊಂಕಣಿ, ಮಲಯಾಳಂ ಅಂತ ಬೇರೆ ಬೇರೆ ಪೂಜೆ ಇರತ್ತೆ. ಕನ್ನಡ ಪೂಜೆ ಬೆಳಿಗ್ಗೆ ಬೇಗ ಇದ್ರೆ ದಯವಿಟ್ಟು ಬೇಗ ಎದ್ದು ಹೋಗಿ. ಕನ್ನಡ ಪೂಜೆಗೆ ಜನ ಇಲ್ಲ ಅಂತ ಗೊಣಗೋರೇ ಇನ್ನೊಂದು ಗಂಟೆ ಮಲಗ್ಬೋದು ಅಂತ ಇಂಗ್ಲಿಷ್ ಪೂಜೆಗೆ ಹೋಗೋದನ್ನ ನೋಡಿ ನೋಡಿ ಸಾಕಾಗಿದೆ.

ಆಫೀಸಿಗೆ ಹೋಗೋ ದಿನ

ಭಾನುವಾರ ಪೂಜೆ ಮುಗಿದ ತಕ್ಷಣ ಆಫೀಸಿಗೆ ನುಗ್ಬೇಡಿ, ಆಗ ಅಲ್ಲಿ ಸಂತೆ. ವಾರದ ದಿನ ಸಂಜೆ ಹೋಗಿ, ಮೊದ್ಲು ಫೋನ್ ಮಾಡಿ ಯಾವ ದಿನ ರಜ ಅಂತ ಕೇಳ್ಕೊಂಡು ಹೋಗಿ. ಕೈಯಲ್ಲಿ ಇರ್ಬೇಕಾದ್ದು: ಊರಿನ ಚರ್ಚಿನ ಗುರುಗಳು (ಫಾದರ್) ಕೊಟ್ಟ ಪತ್ರ (ಈ ಮನೆಯವ್ರು ನಮ್ಮ ಧರ್ಮಕೇಂದ್ರದವರು, ಈಗ ನಿಮ್ಮಲ್ಲಿಗೆ ಬರ್ತಿದ್ದಾರೆ ಅಂತ), ಎಲ್ಲರ ದೀಕ್ಷಾಸ್ನಾನದ ಸರ್ಟಿಫಿಕೇಟ್ ಜೆರಾಕ್ಸು, ಚರ್ಚಲ್ಲಿ ಆದ ಮದ್ವೆ ಸರ್ಟಿಫಿಕೇಟು, ಈಗಿನ ವಿಳಾಸಕ್ಕೆ ಏನಾದ್ರೂ ಒಂದು ದಾಖಲೆ. ಅವ್ರು ಒಂದು ಫ್ಯಾಮಿಲಿ ಫಾರಂ ಕೊಡ್ತಾರೆ, ತುಂಬಿದ್ಮೇಲೆ ಕಾರ್ಡೋ ನಂಬರೋ ಸಿಗತ್ತೆ, ವಾರ್ಡ್ ಯಾವ್ದು ಅಂತ ಹೇಳ್ತಾರೆ. ತಿಂಗಳ ವಂತಿಗೆ ಇರತ್ತೆ, ಮೊತ್ತ ಚರ್ಚಿಂದ ಚರ್ಚಿಗೆ ಬೇರೆ. ಕೊಡೋಕೆ ಕಷ್ಟ ಇದ್ರೆ ಫಾದರ್‌ಗೆ ನೇರವಾಗಿ ಹೇಳಿ, ನಾಚ್ಕೊಂಡು ಹೆಸರು ನೋಂದಾಯಿಸ್ದೇ ಇರೋದಕ್ಕಿಂತ ಅದು ಎಷ್ಟೋ ವಾಸಿ.

ಇಲ್ಲೊಂದು ವಿಷಯ ಸರಿಯಾಗಿ ತಿಳ್ಕೊಳಿ. ನಿಮ್ಮ ದೀಕ್ಷಾಸ್ನಾನದ ದಾಖಲೆ ನಿಮ್ಮ ಜೊತೆ ಬೆಂಗಳೂರಿಗೆ ಬರಲ್ಲ, ಅದು ದೀಕ್ಷಾಸ್ನಾನ ಆದ ಚರ್ಚಿನ ದೊಡ್ಡ ರಿಜಿಸ್ಟರಲ್ಲೇ ಇರತ್ತೆ, ಮುಂದೆ ದೃಢೀಕರಣ (ಕನ್ಫರ್ಮೇಶನ್) ಆದ್ರೂ ಮದ್ವೆ ಆದ್ರೂ ಆ ಸುದ್ದಿ ಅಲ್ಲಿಗೇ ಹೋಗಿ ಅದೇ ಪುಟದ ಅಂಚಲ್ಲಿ ಬರೀಬೇಕು ಅಂತ ಕಥೋಲಿಕ ಸಭೆಯ, ಅಂದ್ರೆ ಇಡೀ ಚರ್ಚಿನ, ಕಾನೂನೇ ಇದೆ. ಅದಕ್ಕೇ ಮದ್ವೆ ಟೈಮಲ್ಲಿ ಬೀರೂಲಿಟ್ಟ ಹಳೇ ಸರ್ಟಿಫಿಕೇಟ್ ಕೊಟ್ರೆ ಒಪ್ಪಲ್ಲ, ಆರು ತಿಂಗಳೊಳಗೆ ತೆಗ್ಸಿದ ಹೊಸದೇ ಕೇಳ್ತಾರೆ, ಆ ಅಂಚಲ್ಲಿ ಇನ್ನೊಂದು ಮದ್ವೆ ಬರ್ದಿದ್ಯಾ ಅಂತ ಗೊತ್ತಾಗೋದು ಹಾಗೆ. ಹಾಗಾಗಿ ದೀಕ್ಷಾಸ್ನಾನದ ತಾರೀಖು, ಚರ್ಚಿನ ಹೆಸರು, ರಿಜಿಸ್ಟರ್ ನಂಬರು ಮೂರನ್ನೂ ಮೊಬೈಲಲ್ಲಿ ಸೇವ್ ಮಾಡಿಟ್ಕೊಳಿ. ಹೆಸರಿನ ಗೋಜಲು ನಮ್ಮಲ್ಲಿ ಜಾಸ್ತಿ, ರಿಜಿಸ್ಟರಲ್ಲಿ ಇನ್ನಾಸಪ್ಪ ಅಂತಿರತ್ತೆ ಆಧಾರಲ್ಲಿ ಪ್ರಕಾಶ್ ಅಂತಿರತ್ತೆ, ಚೌರಪ್ಪ ಅಂತಿದ್ದವ್ರು ಸ್ಕೂಲಲ್ಲಿ ಕ್ಸೇವಿಯರ್ ಆಗಿರ್ತಾರೆ. ಎರಡೂ ಒಬ್ಬರೇ ಅಂತ ಊರಿನ ಗುರುಗಳ ಹತ್ರ ಒಂದು ಲೆಟರ್ ಈಗ್ಲೇ ತಗೊಂಡಿಟ್ರೆ ಅರ್ಜೆಂಟಲ್ಲಿ ಓಡಾಡೋದು ತಪ್ಪತ್ತೆ.

ಭಾನುವಾರ

ಹೊರಡೋದಕ್ಕೆ ಮುಂಚೆ: ಪರಮಪ್ರಸಾದ (ಪೂಜೇಲಿ ಕೊಡೋ ಪವಿತ್ರ ರೊಟ್ಟಿ, ಕಮ್ಯುನಿಯನ್) ತಗೊಳೋಕೆ ಒಂದು ಗಂಟೆ ಮುಂಚಿಂದ ಏನೂ ತಿನ್ಬಾರ್ದು ಕುಡೀಬಾರ್ದು, ನೀರು ಮತ್ತೆ ಔಷಧಿಗೆ ಅಡ್ಡಿ ಇಲ್ಲ, ವಯಸ್ಸಾದವ್ರಿಗೆ ಕಾಯಿಲೆಯವ್ರಿಗೆ ಅವ್ರನ್ನ ನೋಡ್ಕೊಳೋರಿಗೆ ಈ ನಿಯಮ ಇಲ್ಲ. ನಮ್ಮ ಅಜ್ಜಿಯರು ಮಧ್ಯರಾತ್ರಿಯಿಂದ ಬಾಯಿಗೆ ನೀರೂ ಹಾಕ್ತಿರ್ಲಿಲ್ಲ, ಅದು ಹಳೇ ಕಟ್ಟಳೆ, ಈಗಿಲ್ಲ. ಭಾನುವಾರ ಡ್ಯೂಟಿ ಇರೋರು ಶನಿವಾರ ಸಂಜೆ ಪೂಜೆಗೆ ಹೋದ್ರೂ ಭಾನುವಾರದ ಕಟ್ಟಳೆ ತೀರತ್ತೆ, ಐಟಿಯವ್ರು, ಆಸ್ಪತ್ರೆ ಶಿಫ್ಟಿನವ್ರು ಇದನ್ನ ತಿಳ್ಕೊಂಡಿರ್ಬೇಕು.

ಹತ್ತು ಹದಿನೈದು ನಿಮಿಷ ಮುಂಚೆ ಹೋಗಿ. ಪಾರ್ಕಿಂಗ್ ಸಿಗೋದು ಬೆಂಗಳೂರಲ್ಲಿ ಎಂಟನೇ ಸಂಸ್ಕಾರ, ಆಗೋದಾದ್ರೆ ನಡ್ಕೊಂಡೋ ಬಸ್ಸಲ್ಲೋ ಹೋಗಿ. ಊರಲ್ಲಿ ಚಪ್ಪಲಿ ಹೊರಗೆ ಬಿಟ್ಟು ಅಭ್ಯಾಸ ಇರತ್ತೆ, ಇಲ್ಲಿ ಕೆಲವು ಕಡೆ ಬಿಡ್ತಾರೆ ಕೆಲವು ಕಡೆ ಇಲ್ಲ, ಬಾಗಿಲ ಹತ್ರ ನೋಡಿದ್ರೆ ಗೊತ್ತಾಗತ್ತೆ.

ಪೂಜೆ ಅರ್ಥ ಆಗ್ಬೇಕಂದ್ರೆ ಸುಲಭದ ದಾರಿ ಒಂದೇ, ಶನಿವಾರ ರಾತ್ರಿ ಮನೇಲಿ ಮಾರನೇ ದಿನದ ವಾಚನಗಳನ್ನ ಒಬ್ರು ಜೋರಾಗಿ ಓದೋದು. ಮೊದಲ ವಾಚನ, ಕೀರ್ತನೆ, ಎರಡನೇ ವಾಚನ, ಶುಭಸಂದೇಶ, ಎಲ್ಲಾ ಸೇರಿ ಹತ್ತು ನಿಮಿಷ ಆಗಲ್ಲ. ಯಾವ ವರ್ಷ ಯಾವ ಶುಭಸಂದೇಶ ಅನ್ನೋಕೆ ಒಂದು ಲೆಕ್ಕ ಇದೆ: ಇಸವಿಯನ್ನ 3ರಿಂದ ಭಾಗಿಸಿ, ಶೇಷ 1 ಬಂದ್ರೆ ಎ ವರ್ಷ, ಹೆಚ್ಚಾಗಿ ಮತ್ತಾಯ. 2 ಬಂದ್ರೆ ಬಿ, ಮಾರ್ಕ. ಏನೂ ಉಳೀದಿದ್ರೆ ಸಿ, ಲೂಕ. 2026ಕ್ಕೆ ಮಾಡಿ ನೋಡಿ, ಮತ್ತಾಯ ಬರತ್ತೆ. ಆದ್ರೆ ಚರ್ಚಿನ ವರ್ಷ ಜನವರೀಲಿ ಶುರುವಾಗಲ್ಲ, ಕ್ರಿಸ್ಮಸ್‌ಗೆ ಮುಂಚೆ ಬರೋ ಆಗಮನಕಾಲದ ಮೊದಲ ಭಾನುವಾರಕ್ಕೇ ಬದಲಾಗತ್ತೆ. ಸಂತ ಯೊವಾನ್ನರ ಶುಭಸಂದೇಶಕ್ಕೆ ಸ್ವಂತ ವರ್ಷ ಇಲ್ಲ, ತಪಸ್ಸುಕಾಲ (ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲ) ಪಾಸ್ಕಕಾಲದಲ್ಲಿ (ಈಸ್ಟರ್ ಕಾಲ) ಜಾಸ್ತಿ ಬರತ್ತೆ.

ಪರಮಪ್ರಸಾದ ಕೈಯಲ್ಲಿ ತಗೊಳೋದಾದ್ರೆ ಬಲಗೈ ಮೇಲೆ ಎಡಗೈ ಇಟ್ಟು ಹಿಡೀರಿ, 'ಆಮೆನ್' ಅನ್ನಿ, ಬಲಗೈಯಿಂದ ಎತ್ಕೊಂಡು ಅಲ್ಲೇ ಬಾಯಿಗೆ ಹಾಕ್ಕೊಳಿ, ಹಿಡ್ಕೊಂಡು ಸೀಟಿಗೆ ಹೋಗ್ಬಾರ್ದು. ಬೇರೆ ಧರ್ಮದ ಗೆಳೆಯರು ಜೊತೆಗೆ ಬಂದಿದ್ರೆ ಇದು ಎಲ್ಲರಿಗೂ ಕೊಡೋದಲ್ಲ ಅಂತ ಅವ್ರಿಗೆ ಮುಂಚೇನೇ ಮೆಲ್ಲಗೆ ಹೇಳಿ, ಇಲ್ದಿದ್ರೆ ದೇವಸ್ಥಾನದ ಪ್ರಸಾದ ಅನ್ಕೊಂಡು ಪಾಪ ಅವ್ರು ಲೈನಲ್ಲಿ ಬಂದ್ಬಿಡ್ತಾರೆ, ಆಮೇಲೆ ಎಲ್ಲರಿಗೂ ಮುಜುಗರ.

ಪ್ರಕಟಣೆ ಓದೋವಾಗ ಎದ್ದು ಹೋಗ್ಬೇಡಿ. ಮೊದಲ ಪರಮಪ್ರಸಾದದ ಕ್ಲಾಸಿಗೆ ಹೆಸರು ಕೊಡೋ ಕೊನೇ ದಿನ, ಸಮಾಧಿ ಆಶೀರ್ವಾದದ ಟೈಮು ಎಲ್ಲಾ ಅಲ್ಲೇ ಹೇಳೋದು.

ವಾರದ ಉಳಿದ ದಿನ

ವಾರದ ದಿನಗಳಲ್ಲಿ ನೊವೇನಾ ಅನ್ನೋ ವಿಶೇಷ ಪ್ರಾರ್ಥನೆ ಇರತ್ತೆ: ಮಂಗಳವಾರ ಸಂತ ಅಂತೋಣಿ, ಬುಧವಾರ ನಿತ್ಯಾಧಾರ ಮಾತೆ, ಗುರುವಾರ ಬಾಲಯೇಸು, ತಿಂಗಳ ಮೊದಲ ಶುಕ್ರವಾರ ಯೇಸುವಿನ ಪವಿತ್ರ ಹೃದಯ, ಶನಿವಾರ ಮಾತೆ ಮರಿಯ. ಎಲ್ಲಾ ಚರ್ಚಲ್ಲೂ ಎಲ್ಲಾ ನೊವೇನಾ ಇರಲ್ಲ, ನಿಮ್ಮಲ್ಲಿ ಯಾವ್ದಿದೆ ನೋಡಿ ಒಂದನ್ನ ಹಿಡ್ಕೊಳಿ, ಒಂದೇ ಸಾಕು. ವಾರದ ದಿನದ ಪೂಜೆ ಅರ್ಧ ಗಂಟೇಲಿ ಮುಗಿಯತ್ತೆ, ಜನ ಕಮ್ಮಿ, ಒಂದು ತಿಂಗಳು ಅದೇ ಬೆಂಚಲ್ಲಿ ಕೂತ್ರೆ ಪಕ್ಕದ ಬೆಂಚಿನ ಆಂಟಿ ತಾನಾಗೇ 'ಎಲ್ಲಾಯ್ತಮ್ಮ ನಿಮ್ಮನೆ?' ಅಂತ ಕೇಳ್ತಾರೆ. ಆ ಆಂಟಿಗೆ ಇಡೀ ಚರ್ಚು ಗೊತ್ತಿರತ್ತೆ, ಇಂಥವ್ರು ಪ್ರತಿ ಚರ್ಚಲ್ಲೂ ಒಬ್ರಾದ್ರೂ ಇದ್ದೇ ಇರ್ತಾರೆ, ಬಿಡ್ಬೇಡಿ.

ಮನೇಲಿ ಜಪಸರ (ರೋಸರಿ) ಹೇಳೋರಿಗೆ, ದಿನಕ್ಕೊಂದು ರಹಸ್ಯ, ಅಂದ್ರೆ ಯೇಸು ಮಾತೆಯ ಜೀವನದ ಘಟನೆಗಳ ಧ್ಯಾನ: ಸೋಮವಾರ ಶನಿವಾರ ಸಂತೋಷದ ರಹಸ್ಯ, ಮಂಗಳವಾರ ಶುಕ್ರವಾರ ದುಃಖದ್ದು, ಬುಧವಾರ ಭಾನುವಾರ ಮಹಿಮೆದು, ಗುರುವಾರ ಬೆಳಕಿನ ರಹಸ್ಯ. ಈ ಕೊನೇದನ್ನ ಎರಡನೇ ಜಾನ್ ಪಾಲ್ ಜಗದ್ಗುರುಗಳು 2002ರಲ್ಲಿ ಸೇರ್ಸಿದ್ದು, ಊರಿನ ಹಳೇ ಪ್ರಾರ್ಥನೆ ಪುಸ್ತಕದಲ್ಲಿ ಹುಡುಕಿದ್ರೆ ಸಿಗಲ್ಲ. ಮಕ್ಳು ತೂಕಡಿಸ್ತಾರೆ ಅಂದ್ರೆ ಐದರ ಬದ್ಲು ಒಂದೇ ದಶಕ (ಹತ್ತು ಮಣಿ) ಹೇಳಿ, ಆದ್ರೆ ದಿನಾ ಹೇಳಿ.

ವಾರ್ಡ್ ಪ್ರಾರ್ಥನೆ: ಇದನ್ನ ಮಾತ್ರ ತಪ್ಪಿಸ್ಬೇಡಿ

ಪ್ರಕಟಣೇಲಿ ಇದನ್ನ ಕಿರು ಕ್ರೈಸ್ತ ಸಮುದಾಯ ಅಂತ ಓದ್ತಾರೆ, ಜನ ಎಸ್‌ಸಿಸಿ (ಸ್ಮಾಲ್ ಕ್ರಿಶ್ಚಿಯನ್ ಕಮ್ಯುನಿಟಿ) ಅಂತನೋ ವಾರ್ಡ್ ಪ್ರೇಯರ್ ಅಂತನೋ ಅಂತಾರೆ. ಅಕ್ಕಪಕ್ಕದ ಬೀದಿಗಳ ಕಥೋಲಿಕ ಮನೆಗಳು ಸೇರಿ ಒಂದು ಗುಂಪು, ತಿಂಗಳಿಗೊಮ್ಮೆನೋ ಹದಿನೈದು ದಿನಕ್ಕೊಮ್ಮೆನೋ ಒಬ್ಬೊಬ್ರ ಮನೇಲಿ ಸೇರೋದು. ಆಫೀಸಲ್ಲಿ ವಾರ್ಡ್ ಲೀಡರ್ ನಂಬರ್ ತಗೊಂಡು ಅವತ್ತೇ ಫೋನ್ ಮಾಡಿ ವಾಟ್ಸಾಪ್ ಗ್ರೂಪಿಗೆ ಸೇರ್ಸಿ ಅನ್ನಿ. ಆ ಗ್ರೂಪಲ್ಲಿ ಗುಡ್ ಮಾರ್ನಿಂಗ್ ಹೂವುಗಳ ಹಾವಳಿ ಇರತ್ತೆ, ಮ್ಯೂಟ್ ಮಾಡಿ ಆದ್ರೆ ಬಿಟ್ಟು ಹೋಗ್ಬೇಡಿ, ಯಾರ ಮನೇಲಿ ಸಾವಾಯ್ತು ಯಾರಿಗೆ ರಕ್ತ ಬೇಕು ಅನ್ನೋದು ಮೊದ್ಲು ಬರೋದು ಅಲ್ಲೇ.

ಹೋದಾಗ ಏನು ನಡೆಯತ್ತೆ ಅಂದ್ರೆ, ಒಂದು ಹಾಡು, ಪ್ರಭುವನ್ನ ನಮ್ಮ ಮಧ್ಯೆ ಕರೆಯೋ ಸಣ್ಣ ಪ್ರಾರ್ಥನೆ, ಮುಂದಿನ ಭಾನುವಾರದ ಶುಭಸಂದೇಶದ ವಾಚನ. ಆಮೇಲೆ ಒಬ್ಬೊಬ್ರು ತಮ್ಗೆ ತಾಕಿದ ಒಂದು ಪದ ಅಥವಾ ಒಂದು ಸಾಲನ್ನ ಮತ್ತೆ ಗಟ್ಟಿಯಾಗಿ ಹೇಳ್ತಾರೆ, ಸ್ವಲ್ಪ ಹೊತ್ತು ಮೌನ, ಆಮೇಲೆ ಯಾಕೆ ಆ ಸಾಲು ತಾಕ್ತು ಅಂತ ಹಂಚ್ಕೊಳೋದು, ಬೀದೀಲಿ ಯಾರಿಗಾದ್ರೂ ಏನಾದ್ರೂ ಸಹಾಯ ಮಾಡ್ಬೇಕಾ ಅಂತ ಮಾತು, ಕೊನೇಲಿ ಎಲ್ಲರ ಪ್ರಾರ್ಥನೆ. ಏಳು ಹೆಜ್ಜೆ ಅಂತ ಕರೀತಾರೆ ಇದನ್ನ. ಹೊಸಬ್ರು ಹಂಚ್ಕೊಳೋ ಹೊತ್ತಲ್ಲಿ ಪ್ರಬೋಧನೆ ಕೊಡೋಕೆ ಹೋಗ್ಬೇಡಿ, ಎರಡು ಮಾತು ಸಾಕು. ಮಾತೇ ಬರ್ದಿದ್ರೆ ಬರೀ ಆ ಸಾಲನ್ನ ಓದಿದ್ರೂ ನಡೆಯತ್ತೆ, ಯಾರೂ ಏನೂ ಅನ್ಕೊಳಲ್ಲ.

ನಿಮ್ಮ ಮನೆ ಸರದಿ ಬಂದಾಗ ಗಾಬರಿ ಬೇಡ. ಒಂದು ಸ್ಟೂಲು ಅಥವಾ ಟೀಪಾಯಿ, ಮೇಲೆ ಬಿಳೀ ಬಟ್ಟೆ, ಶಿಲುಬೆ, ಬೈಬಲ್, ಮೇಣದ ಬತ್ತಿ, ಎರಡು ಹೂವು. ಚಾಪೆ ಹಾಸಿ, ಮಂಡಿ ನೋವಿರೋರಿಗೆ ನಾಲ್ಕು ಕುರ್ಚಿ. ಟಿವಿ ಆಫ್ ಮಾಡಿ, ಕೆಳಗಿನ ಮನೆ ಓನರ್‌ಗೆ ಒಂದು ಮಾತು ಹೇಳಿರಿ, ಹಾಡಿನ ಸದ್ದಿಗೆ ಆಮೇಲೆ ಜಗಳ ಬೇಡ. ಟೀ ಬಿಸ್ಕತ್ತು ಸಾಕು, ಬೇಕಿದ್ರೆ ಚುರುಮುರಿ. ಇದನ್ನ ಒತ್ತಿ ಹೇಳ್ತೀನಿ, ಒಬ್ರು ಟೀ ಕೊಟ್ರೆ ಇನ್ನೊಬ್ರು ವಡೆ ಮಾಡೋದು ಮತ್ತೊಬ್ರು ಬಿರಿಯಾನಿವರೆಗೆ ಹೋಗೋದು, ಕೊನೆಗೆ ಬಾಡಿಗೆ ಮನೇಲಿರೋ ಬಡವ್ರು ನಮ್ಮನೇಲಿ ಬೇಡ ಅಂತ ಹಿಂದೆ ಸರಿಯೋದು, ಎಷ್ಟೋ ವಾರ್ಡುಗಳು ಸೊರಗೋದು ಇದ್ರಿಂದಾನೇ. ಹೊಸಬ್ರಾದ ನೀವು ಬರೀ ಟೀ ಕೊಟ್ರೆ ನಿಮ್ಮ ನಂತರದವ್ರಿಗೆ ಉಪಕಾರ.

ಅಕ್ಟೋಬರ್ ಜಪಸರದ ತಿಂಗಳು, ಆಗ ಮಾತೆಯ ಸ್ವರೂಪ (ಪ್ರತಿಮೆ) ಮನೆಯಿಂದ ಮನೆಗೆ ಹೋಗತ್ತೆ, ದಿನಾ ಸಂಜೆ ಒಂದೊಂದು ಮನೇಲಿ ಜಪಸರ. ವಾರ್ಡಿಗೆ ಹೊಸದಾಗಿ ಸೇರೋಕೆ ಇದಕ್ಕಿಂತ ಒಳ್ಳೇ ತಿಂಗಳಿಲ್ಲ, ಒಂದೇ ತಿಂಗಳಲ್ಲಿ ಎಲ್ಲರ ಮನೆ ಬಾಗಿಲೂ ಗೊತ್ತಾಗಿರತ್ತೆ.

ಪೂಜೆಗೆ ಕೊಡೋದು, ಪಾಪನಿವೇದನೆ

ತೀರಿಕೊಂಡವ್ರ ಆತ್ಮಕ್ಕೆ, ಹುಟ್ಟುಹಬ್ಬಕ್ಕೆ, ಕೃತಜ್ಞತೆಗೆ ಪೂಜೆಗೆ ಕೊಡ್ಬೇಕಂದ್ರೆ ಆಫೀಸಲ್ಲಿ ಪುಸ್ತಕ ಇರತ್ತೆ, ಹಿಂದಿನ ದಿನ ಸಂಜೆಯೊಳಗೆ ಬರ್ಸಿ. ಹೆಸರು ಮತ್ತೆ ಉದ್ದೇಶ ಎರಡೇ ಸಾಕು, ಚೀಟೀಲಿ ವಂಶಾವಳಿ ಬರೆದ್ರೆ ಓದೋರು ತೊದಲ್ತಾರೆ. ಕಾಣಿಕೆ ಕೊಡೋದು ರೂಢಿ, ಆದ್ರೆ ಬಡವ್ರು ಕಾಣಿಕೆ ಇಲ್ದೇ ಕೇಳಿದ್ರೂ ಅವ್ರಿಗಾಗಿ ಪೂಜೆ ಅರ್ಪಿಸಿ ಅಂತ ಸಭೆಯ ಕಾನೂನು ಗುರುಗಳಿಗೆ ಹೇಳತ್ತೆ. ಭಾನುವಾರ ಒಂದು ಪೂಜೆಯನ್ನ ಧರ್ಮಕೇಂದ್ರದ ಗುರುಗಳು ತಮ್ಮ ಎಲ್ಲಾ ಜನರಿಗಾಗಿ ಅರ್ಪಿಸ್ಲೇಬೇಕು, ಅದ್ರಲ್ಲಿ ಹೆಸರು ಕೊಡ್ದಿರೋ ನೀವೂ ಇದ್ದೀರಿ.

ಪಾಪನಿವೇದನೆ ಹೆಚ್ಚಿನ ಕಡೆ ಶನಿವಾರ ಸಂಜೆ ಅಥವಾ ಪೂಜೆಗೆ ಮುಂಚೆ ಇರತ್ತೆ. ವರ್ಷಗಟ್ಲೆ ಆಗಿದ್ರೂ ಪರವಾಗಿಲ್ಲ, ಮಂಡಿಯೂರಿ 'ಸ್ವಾಮಿ, ತುಂಬಾ ವರ್ಷ ಆಯ್ತು, ಹೇಗೆ ಶುರು ಮಾಡೋದು ಮರೆತಿದೆ' ಅನ್ನಿ, ಮುಂದಿನದನ್ನ ಅವ್ರೇ ಕೇಳಿ ಹೇಳಿಸ್ತಾರೆ. ಒಳಗೆ ಹೇಳಿದ್ದು ಹೊರಗೆ ಬರೋ ಹಾಗೇ ಇಲ್ಲ, ಗುರುಗಳು ಯಾವ ಕಾರಣಕ್ಕೂ ಬಾಯಿ ಬಿಡೋ ಹಾಗಿಲ್ಲ. ಪರಿಚಯದ ಫಾದರ್ ಹತ್ರ ನಾಚಿಕೆ ಆದ್ರೆ ಬೇರೆ ಚರ್ಚಿಗೆ ಹೋಗಿ, ತಪಸ್ಸುಕಾಲದಲ್ಲಿ ಅಕ್ಕಪಕ್ಕದ ಗುರುಗಳೆಲ್ಲ ಸೇರಿ ಪಾಪನಿವೇದನೆ ಕೇಳೋ ದಿನ ಇಡ್ತಾರೆ, ಅವತ್ತಂತೂ ಸಲೀಸು.

ಮಕ್ಕಳಿದ್ರೆ

ಧರ್ಮೋಪದೇಶ ಕ್ಲಾಸು ಸಾಮಾನ್ಯವಾಗಿ ಭಾನುವಾರ ಪೂಜೆ ಆದ್ಮೇಲೆ. ಹಾಜರಾತಿ ಬರೀತಾರೆ, ಹಾಜರಾತಿ ಇಲ್ದೇ ಮೊದಲ ಪರಮಪ್ರಸಾದಕ್ಕೆ ಹೆಸರು ಸೇರ್ಸೋದು ಕಷ್ಟ, ಆದ್ರಿಂದ ಕ್ರಿಕೆಟ್ ಕೋಚಿಂಗ್ ಡ್ಯಾನ್ಸ್ ಕ್ಲಾಸಿಗೆ ಸೇರ್ಸೋವಾಗ ಈ ಟೈಮನ್ನ ಬಿಟ್ಟು ಸೇರ್ಸಿ. ಪೀಠಸೇವೆಗೆ (ಪೂಜೇಲಿ ಫಾದರ್‌ಗೆ ಸಹಾಯ ಮಾಡೋದು) ಮಕ್ಕಳನ್ನ ಕಳಿಸಿ, ಪೂಜೇಲಿ ಸುಮ್ನೆ ಕೂರ್ದಿರೋ ತುಂಟರೇ ಪೀಠದ ಮೇಲೆ ಗಂಟೆ ಹಿಡ್ಕೊಂಡು ನೆಟ್ಟಗೆ ನಿಂತಿರ್ತಾರೆ.

ದೀಕ್ಷಾಸ್ನಾನಕ್ಕೆ ಜ್ಞಾನ ತಂದೆ ತಾಯಿ ಆಗೋರಿಗೆ 16 ತುಂಬಿರ್ಬೇಕು, ದೃಢೀಕರಣ ಆಗಿರ್ಬೇಕು, ಮಗುವಿನ ಸ್ವಂತ ಅಪ್ಪ ಅಮ್ಮ ಆಗೋ ಹಾಗಿಲ್ಲ. ಒಬ್ರಿದ್ರೂ ಸಾಕು. ದುಬೈಲಿರೋ ಮಾವ ಒಳ್ಳೇ ಗಿಫ್ಟ್ ಕೊಡ್ತಾನೆ ಅಂತ ಆರಿಸ್ಬೇಡಿ, ಮಗು ಜೊತೆ ಓಡಾಡಿಕೊಂಡಿರೋರನ್ನ ಆರಿಸಿ.

ಮದ್ವೆ, ಕಾಯಿಲೆ, ಸಾವು

ಮದ್ವೆ ಅಂದ್ರೆ ಛತ್ರ ಬುಕ್ ಮಾಡೋಕೂ ಮುಂಚೆ ಫಾದರ್ ಹತ್ರ ಹೋಗಿ, ಕನಿಷ್ಠ ಮೂರು ತಿಂಗಳು ಇಟ್ಕೊಳಿ. ಮದುವೆ ತಯಾರಿ ತರಬೇತಿ, ಎರಡೂ ಕಡೆ ಹೊಸ ದೀಕ್ಷಾಸ್ನಾನದ ಸರ್ಟಿಫಿಕೇಟು, ಮೂರು ಭಾನುವಾರ ಚರ್ಚಲ್ಲಿ ಪ್ರಕಟಣೆ ಇಷ್ಟಂತೂ ಇರತ್ತೆ. ತಪಸ್ಸುಕಾಲ ಆಗಮನಕಾಲದಲ್ಲಿ ಸಾಮಾನ್ಯವಾಗಿ ಮದ್ವೆ ಇಟ್ಕೊಳಲ್ಲ, ಕ್ಯಾಲೆಂಡರ್ ನೋಡಿ. ಹುಡುಗನೋ ಹುಡುಗಿನೋ ಬೇರೆ ಧರ್ಮದವ್ರಾದ್ರೆ ಧರ್ಮಾಧ್ಯಕ್ಷರ (ಬಿಷಪ್) ಅನುಮತಿ ಬೇಕು, ಧರ್ಮಕೇಂದ್ರದ ಗುರುಗಳ ಮೂಲಕವೇ ಅರ್ಜಿ ಹೋಗೋದು. ಮುಚ್ಚಿಟ್ಟು ಕೊನೇ ವಾರದಲ್ಲಿ ಹೇಳಿದ್ರೆ ಯಾರಿಂದ್ಲೂ ಏನೂ ಮಾಡೋಕಾಗಲ್ಲ.

ಮನೇಲಿ ಹಾಸಿಗೆ ಹಿಡಿದವ್ರಿದ್ರೆ ಆಫೀಸಲ್ಲಿ ಹೆಸರು ಕೊಡಿ, ಹೆಚ್ಚಿನ ಕಡೆ ಮೊದಲ ಶುಕ್ರವಾರ ಪರಮಪ್ರಸಾದ ಮನೆಗೇ ತರ್ತಾರೆ. ತೈಲ ಹಚ್ಚೋ ಸಂಸ್ಕಾರ ಸಾಯೋ ಹೊತ್ತಿಗೆ ಮಾತ್ರ ಅನ್ನೋ ಭಯ ನಮ್ಮ ಜನರಲ್ಲಿ ಇನ್ನೂ ಇದೆ, ಫಾದರ್ ಬಂದ್ರೆ ರೋಗಿ ಹೆದ್ರುತ್ತಾರೆ ಅಂತ ಕೊನೇ ಉಸಿರಿನವರೆಗೂ ಕಾಯ್ತಾರೆ. ಅದು ಕಾಯಿಲೆಯವ್ರ ಸಂಸ್ಕಾರ, ದೊಡ್ಡ ಆಪರೇಷನ್ನಿಗೆ ಮುಂಚೆನೂ ತಗೋಬೋದು, ಮತ್ತೆ ಕಾಯಿಲೆ ಬಂದ್ರೆ ಇನ್ನೊಂದ್ಸಲಾನೂ ತಗೋಬೋದು.

ಸಾವಾದ್ರೆ ಮೊದಲ ಫೋನು ವಾರ್ಡ್ ಲೀಡರ್‌ಗೆ. ಪೆಟ್ಟಿಗೆ, ಗಾಡಿ, ಸಮಾಧಿ ತೋಡೋರು, ಫಾದರ್ ಟೈಮು ಎಲ್ಲಾ ಅವ್ರಿಗೆ ಗೊತ್ತಿರತ್ತೆ, ನೀವು ಡಾಕ್ಟರ್ ಕೊಟ್ಟ ಮರಣ ಪತ್ರ ಒಂದನ್ನ ಜೋಪಾನ ಮಾಡಿ ಸಾಕು. ಬೆಂಗಳೂರಲ್ಲಿ ಸಮಾಧಿಗೆ ಜಾಗದ ಕೊರತೆ ಇದೆ, ಕುಟುಂಬದ ಹಳೇ ಸಮಾಧಿ ಇದ್ರೆ ಅದರ ಕಾಗದ ಎಲ್ಲಿದೆ ನೋಡಿಟ್ಕೊಳಿ, ಊರಿಗೆ ಒಯ್ಯೋದಾದ್ರೆ ಊರಿನ ಗುರುಗಳಿಗೂ ತಕ್ಷಣ ತಿಳಿಸಿ. ದಹನಕ್ಕೆ 1963ರಿಂದಲೇ ಸಭೆಯ ಅಡ್ಡಿ ಇಲ್ಲ, ಆದ್ರೆ ಬೂದಿಯನ್ನ ನದೀಲಿ ಬಿಡೋದು, ಮನೇಲಿ ಇಟ್ಕೊಳೋದು ಬೇಡ, ಸಮಾಧಿ ಭೂಮಿಯಂಥ ಪವಿತ್ರ ಜಾಗದಲ್ಲೇ ಇಡಿ ಅಂತ ವ್ಯಾಟಿಕನ್ 2016ರಲ್ಲಿ ಮತ್ತೆ ಸ್ಪಷ್ಟ ಮಾಡಿದೆ.

ಹಬ್ಬ ಬಂದಾಗ

ಚರ್ಚಿನ ಹಬ್ಬಕ್ಕೆ ಮುಂಚೆ ಬಾವುಟ ಹಾರಿಸ್ತಾರೆ, ದಿನಾ ಸಂಜೆ ನವದಿನ ಪ್ರಾರ್ಥನೆ, ಕೊನೇ ದಿನ ತೇರು. ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದಲ್ಲಿ ಆಗಸ್ಟ್ 29ಕ್ಕೆ ಬಾವುಟ, ಸೆಪ್ಟೆಂಬರ್ 8ಕ್ಕೆ ಮಾತೆಯ ಹುಟ್ಟುಹಬ್ಬ, ಕಾವಿ ಸೀರೆ ಕಾವಿ ಬಟ್ಟೆ ಉಟ್ಟು ಹರಕೆ ಹೊತ್ತವ್ರು ಯಾವ ಯಾವ ಧರ್ಮದವ್ರೋ ಬರ್ತಾರೆ, ಅವತ್ತು ಗಾಡಿ ತಗೊಂಡು ಆ ಕಡೆ ಹೋಗ್ಲೇಬೇಡಿ. ನಿಮ್ಮ ಚರ್ಚಿನ ನವದಿನದಲ್ಲಿ ಒಂದು ದಿನ ನಿಮ್ಮ ವಾರ್ಡಿನ ಸರದಿ ಬರತ್ತೆ, ವಾಚನ, ಹಾಡು, ಕಾಣಿಕೆ ಒಯ್ಯೋದು ಎಲ್ಲಾ ವಾರ್ಡಿನವ್ರದ್ದೇ. ಹೊಸಬ್ರು ಕೇಳ್ಕೊಂಡು ಹೋಗಿ ಕೆಲಸ ಇಸ್ಕೊಳಿ, ಕುರ್ಚಿ ಹಾಕೋದು ಊಟದ ಎಲೆ ಎತ್ತೋದಾದ್ರೂ ಸರಿ, ಪಾಲನಾ ಮಂಡಳಿಯವ್ರಿಗೆ ನೀವ್ಯಾರು ಅಂತ ಗೊತ್ತಾಗೋದು ಅಲ್ಲಿ.

ಗಾನವೃಂದ, ಯುವಜನ, ಮರಿಯಾಳ ಸೇನೆ (ಲೀಜನ್ ಆಫ್ ಮೇರಿ ಅನ್ನೋ ಸಂಘ) ಇದ್ಯಾವ್ದಕ್ಕಾದ್ರೂ ಸೇರ್ಬೋದು. ನನ್ನ ಕೇಳಿದ್ರೆ ಸಂತ ವಿನ್ಸೆಂಟ್ ದಿ ಪೌಲ್ ಸಭೆಗೆ ಸೇರಿ ಅಂತೀನಿ. 1833ರಲ್ಲಿ ಪ್ಯಾರಿಸ್ಸಲ್ಲಿ ಫ್ರೆಡೆರಿಕ್ ಓಜನಾಂ ಅನ್ನೋ ವಿದ್ಯಾರ್ಥಿ ತನ್ನ ಗೆಳೆಯರ ಜೊತೆ ಶುರು ಮಾಡಿದ್ದು, ಇವತ್ತಿಗೂ ಅದೇ ಕ್ರಮ, ಕೂಡೋದು, ಪ್ರಾರ್ಥನೆ, ಯಾರು ಎಷ್ಟು ಹಾಕಿದ್ರು ಅಂತ ಕಾಣ್ದ ಹಾಗೆ ಚೀಲಕ್ಕೆ ದುಡ್ಡು, ಇಬ್ಬಿಬ್ರಾಗಿ ಬಡವ್ರ ಮನೆಗೆ ಹೋಗಿ ಕೂತು ಮಾತಾಡಿ ಬರೋದು. ಅಕ್ಕಿ, ಸ್ಕೂಲ್ ಫೀಸು, ಮಾತ್ರೆ ಅಂತ ಹೋದಾಗ ನಿಮ್ಮದೇ ಬೀದಿ ಹಿಂದಿನ ಗಲ್ಲೀಲಿ ನಿಮ್ಮ ಊರ ಪಕ್ಕದವ್ರೇ ಸಿಕ್ಕಿದ್ರೂ ಸಿಗ್ಬೋದು.

ಮತ್ತೆ ಮನೆ ಬದಲಾಯಿಸೋದಾದ್ರೆ ಲಾರಿಗೆ ಸಾಮಾನು ಹಾಕೋಕೆ ಮುಂಚೆ ಇಲ್ಲಿನ ಆಫೀಸಿಂದ್ಲೂ ಪತ್ರ ತಗೊಂಡು ಬಾಕಿ ವಂತಿಗೆ ಕಟ್ಟಿ ವಾರ್ಡ್ ಲೀಡರ್‌ಗೆ ಹೇಳಿ ಹೋಗಿ, ನಿಮ್ಮ ಮನೆಗೆ ಬರ್ಬೇಕಿದ್ದ ಪ್ರಾರ್ಥನೆ ಸರದಿಯನ್ನ ಅವ್ರು ಇನ್ನೊಬ್ರಿಗೆ ಕೊಡ್ಬೇಕಲ್ಲ.